ಮಾರಾಟಕ್ಕಿಲ್ಲದ ಭಾನುವಾರ

ಮನೆಯಲ್ಲಿ ಮಾಡಿದ ಕೇಕಿನ ತುಂಡೊಂದನ್ನು ಬಾಯಿಗಿಟ್ಟುಕೊಂಡವರು ಈಗ ಮೆಚ್ಚುಗೆಗೆಂದು ಆಡುವ ಮಾತು ಬಹುತೇಕ ಒಂದೇ: ‘ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಆರ್ಡರ್ ತಗೋಬಾರದಾ?’ ಕ್ರೋಶಾದ ಟೇಬಲ್ ಮ್ಯಾಟ್, ಮಗುವಿನ ಕುಲಾವಿ, ಮೊಬೈಲ್ ಇಡುವ ಪುಟ್ಟ ಚೀಲ, ಯಾವುದನ್ನು ಕಂಡರೂ ಇದೇ ಮಾತು. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಒಂದು ವಸ್ತುವಿಗೆ ದುಡ್ಡು ಹುಟ್ಟುತ್ತದೆ ಅನ್ನುವುದಕ್ಕಿಂತ ದೊಡ್ಡ ಗೌರವ ಅದಕ್ಕೆ ಇನ್ನೊಂದಿಲ್ಲ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ನನ್ನ ತಕರಾರು ಈ ನಂಬಿಕೆಯ ಮೇಲೆ. ವಾರದ ಕೊನೆಯಲ್ಲಿ ಖುಷಿಗಾಗಿ ಮಾಡುವ ಬೇಕಿಂಗ್, ಹೆಣಿಗೆ, ಕ್ರೋಶಾ ಮಾರುಕಟ್ಟೆಗೆ ಹೋಗದೆ ಮನೆಯಲ್ಲೇ ಉಳಿಯಬೇಕು. ಅದೇ ಕೆಲಸವನ್ನು ಹೊಟ್ಟೆಪಾಡಿಗೆ ಮಾಡುವವರಿಗೆ ಪೂರ್ತಿ ಕೂಲಿ ಸಿಗಬೇಕು. ಹವ್ಯಾಸ ಯಾವುದು, ದುಡಿಮೆ ಯಾವುದು ಎಂಬ ಗೆರೆ ಅಳಿಸಿಹೋದಲ್ಲೆಲ್ಲ ಎರಡಕ್ಕೂ ನಷ್ಟವಾಗಿದೆ, ಹೆಚ್ಚಿನ ನಷ್ಟ ಬಡ ಹೆಂಗಸರಿಗೆ ಆಗಿದೆ.

ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತಮುತ್ತ ಹೆಂಗಸರು ತಲೆಮಾರುಗಳಿಂದ ಕ್ರೋಶಾ ಲೇಸು ಹಾಕುತ್ತ ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಕಲಿಸಿದ ಕೆಲಸ ಅದು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಊರುಗಳಲ್ಲಿ ಅಧ್ಯಯನ ಮಾಡಿ 1982ರಲ್ಲಿ ಈ ಹೆಂಗಸರ ಬಗ್ಗೆ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಕಾಣುವ ವ್ಯವಸ್ಥೆ ಹೀಗಿದೆ: ಒಬ್ಬರು ಬರೀ ಹೂವುಗಳನ್ನು ಹಾಕುತ್ತಾರೆ, ಇನ್ನೊಬ್ಬರು ಆ ಹೂವುಗಳನ್ನು ಜೋಡಿಸುತ್ತಾರೆ, ಮಧ್ಯವರ್ತಿ ದಾರ ಕೊಟ್ಟು ಮಾಲು ಎತ್ತಿಕೊಂಡು ಹೋಗುತ್ತಾನೆ, ರಫ್ತುದಾರ ಅದನ್ನು ಹೊರದೇಶಕ್ಕೆ ಕಳಿಸುತ್ತಾನೆ. ಅಡುಗೆ, ಮಕ್ಕಳು, ಮನೆ ಎಲ್ಲವನ್ನೂ ನಿಭಾಯಿಸಿಕೊಂಡು ದಿನಕ್ಕೆ ಎಷ್ಟೋ ಗಂಟೆ ಕಣ್ಣು ಸೋಲಿಸಿಕೊಂಡ ಹೆಂಗಸಿನ ಕೈಗೆ ಬರುವುದು ಕನಿಷ್ಠ ಕೂಲಿಗಿಂತ ಎಷ್ಟೋ ಕೆಳಗಿನ ದುಡ್ಡು. ಇದಕ್ಕೆ ಮೀಸ್ ಗುರುತಿಸಿದ ಮುಖ್ಯ ಕಾರಣವನ್ನು ಮರೆಯಲಾಗದು. ಈ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸಲೇ ಇಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಏನೋ ಹೆಣೆಯುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಬಿಡುವಿನ ಕೆಲಸಕ್ಕೆ ಎಂಥ ಕೂಲಿ? ‘ಹವ್ಯಾಸ’ ಎಂಬ ಹೆಸರೇ ಆ ಕೂಲಿಯನ್ನು ತಿಂದುಹಾಕಿತು.

ಐರ್ಲೆಂಡಿನಲ್ಲಂತೂ ಕ್ರೋಶಾ ಬೇರೂರಿದ್ದು ಹಸಿವಿನ ಕಾಲದಲ್ಲಿ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಕ್ಷಾಮ ಶುರುವಾದಾಗ ಕ್ರೈಸ್ತ ಸನ್ಯಾಸಿನಿಯರು, ಪಾದ್ರಿಗಳ ಮನೆಯವರು ಊರಿನ ಹೆಂಗಸರಿಗೆ ಕ್ರೋಶಾ ಲೇಸು ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ 1847ರಲ್ಲಿ ಕಸಾಂಡ್ರಾ ಹ್ಯಾಂಡ್ ಎಂಬಾಕೆ ಆರಂಭಿಸಿದ ಲೇಸಿನ ಕೆಲಸ ಆ ಊರಿನ ಹೆಸರಿನಲ್ಲೇ ಪ್ರಸಿದ್ಧವಾಯಿತು. ಅದು ಸಂಸಾರಗಳ ಜೀವ ಉಳಿಸಿದ ದುಡಿಮೆ. ಅದರಲ್ಲಿ ಯಾರದೂ ಬಿಡುವಿರಲಿಲ್ಲ.

ಈ ಚರಿತ್ರೆ ಇವತ್ತಿಗೂ ಸಂಬಂಧಪಟ್ಟದ್ದು ಎನ್ನುವುದಕ್ಕೆ ಕ್ರೋಶಾದ ರಚನೆಯೇ ಕಾರಣ. ಎರಡು ಕಡ್ಡಿಗಳಲ್ಲಿ ಹೆಣೆಯುವಾಗ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಬಾಯಿ ತೆರೆದುಕೊಂಡಿರುತ್ತವೆ. ಅದನ್ನು ಯಂತ್ರಕ್ಕೆ ಒಗ್ಗಿಸಲು ಸಾಧ್ಯವಾಯಿತು. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಷ್ಟು ಹಿಂದೆ. ಕ್ರೋಶಾದಲ್ಲಿ ಕೊಕ್ಕೆಗೆ ಸಿಕ್ಕಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಪ್ರತಿ ಸಲವೂ ಕೊಕ್ಕೆ ಹಿಂದಿನ ಸಾಲಿನ ಬೇರೊಂದು ಕಡೆಗೆ ನುಗ್ಗಿ ದಾರ ಎಳೆದುಕೊಂಡು ಬರಬೇಕು. ಕೈಯ ಈ ಚಲನೆಯನ್ನು ಹಾಗೆಯೇ ಅನುಸರಿಸಿ ಮಾಲು ತಯಾರಿಸುವ ಯಂತ್ರ ಕಾರ್ಖಾನೆಗಳಲ್ಲಿ ಇನ್ನೂ ಬಳಕೆಗೆ ಬಂದಿಲ್ಲ. ಅದರಂತೆ ಕಾಣುವ ಬಟ್ಟೆಯನ್ನು ಯಂತ್ರ ಹೆಣೆಯಬಲ್ಲದು, ಅಷ್ಟೆ. ಅಂದರೆ ಮಾಲ್‌ನಲ್ಲಿ ತೂಗುಹಾಕಿದ ನಿಜವಾದ ಕ್ರೋಶಾ ಚೀಲದ ಹಿಂದೆ, ಅದರ ಬೆಲೆ ಎಷ್ಟೇ ಕಡಿಮೆಯಿರಲಿ, ಒಬ್ಬರ ಎರಡು ಕೈಗಳಿವೆ. ಬೆಲೆ ಕಡಿಮೆಯಾದಷ್ಟೂ ಆ ಕೈಗಳಿಗೆ ಸಿಕ್ಕಿದ್ದೂ ಕಡಿಮೆ.

ಹಾಗಾದರೆ ದುಡ್ಡು ತಾರದ ಕೆಲಸಕ್ಕೆ ರಜೆಯ ದಿನವನ್ನು ಯಾಕೆ ಕೊಡಬೇಕು? ಮನಸ್ಸಿಗೆ ಒಳ್ಳೆಯದು ಎನ್ನುವುದು ಸಿದ್ಧ ಉತ್ತರ. 2013ರಲ್ಲಿ ಬ್ರಿಟನ್ನಿನ ವೃತ್ತಿಚಿಕಿತ್ಸಾ ಪತ್ರಿಕೆಯೊಂದರಲ್ಲಿ ಬಂದ ಸಮೀಕ್ಷೆಗೆ ಹಲವು ದೇಶಗಳ 3,545 ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಹೆಣೆಯುವವರು ಹೆಚ್ಚು ಶಾಂತಿ, ಸಂತೋಷ ಅನುಭವಿಸುತ್ತೇವೆಂದು ಹೇಳಿದ್ದರು. ಇದರ ಮೇಲೆ ನಾನು ತೀರಾ ಭಾರ ಹಾಕಲಾರೆ. ಉತ್ತರ ಕೊಟ್ಟವರೆಲ್ಲ ಮೊದಲೇ ಹೆಣಿಗೆಯನ್ನು ಪ್ರೀತಿಸುವವರು. ಹೆಣಿಗೆ ಶಾಂತಿ ತರುತ್ತದೋ, ಶಾಂತಿಯಿದ್ದವರು ಹೆಚ್ಚು ಹೆಣೆಯುತ್ತಾರೋ ಎಂಬುದು ಇಂಥ ಸಮೀಕ್ಷೆಯಿಂದ ಇತ್ಯರ್ಥವಾಗುವುದಿಲ್ಲ. ನನಗೆ ಹೆಚ್ಚು ಗಟ್ಟಿಯೆನಿಸುವುದು ಇನ್ನೊಂದು ಸಂಶೋಧನೆ. ಮೈಕಲ್ ನಾರ್ಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನ ತಾವೇ ಜೋಡಿಸಿದ ಪೆಟ್ಟಿಗೆಗೆ, ತಾವೇ ಮಡಿಚಿದ ಕಾಗದದ ಹಕ್ಕಿಗೆ ಬೇರೆಯವರಿಗಿಂತ ಹೆಚ್ಚು ಬೆಲೆ ಕಟ್ಟಿದರು. ಅದರ ಜೊತೆಗಿದ್ದ ಷರತ್ತು ನಮಗೆ ಮುಖ್ಯ: ಕೆಲಸ ಪೂರ್ತಿಯಾಗಬೇಕು. ಅರ್ಧಕ್ಕೆ ನಿಂತರೆ ಆ ಅಕ್ಕರೆ ಹುಟ್ಟಲಿಲ್ಲ. ವಾರಾಂತ್ಯದ ಕೆಲಸ ಸರಳವಾಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಮೊದಲ ಸಲವೇ ತುಂಬುತೋಳಿನ ಸ್ವೆಟರಿಗೆ ಕೈಹಾಕಿದವರ ಮನೆಯ ಅಟ್ಟದಲ್ಲಿ ಒಂದು ತೋಳು, ಅರ್ಧ ಬೆನ್ನು ಎಷ್ಟು ವರ್ಷ ಬೇಕಾದರೂ ಬಿದ್ದಿರಬಹುದು. ಹತ್ತಿ ದಾರದಲ್ಲಿ ಪಾತ್ರೆ ಒರೆಸುವ ಒಂದು ಚೌಕ, ಲೋಟ ಇಡುವ ಒಂದು ದುಂಡು ಮ್ಯಾಟ್ ಅದೇ ಸಂಜೆಗೆ ಮುಗಿಯುತ್ತದೆ. ಆ ದುಂಡು ಮ್ಯಾಟಿನಲ್ಲೂ ಕಲಿಯುವುದಿದೆ. ಸಣ್ಣ ಕುಣಿಕೆಯಲ್ಲಿ ಸುತ್ತು ಹಾಕುವಾಗ ಪ್ರತಿ ಸುತ್ತಿಗೆ ಆರಾರು ಕುಣಿಕೆ ಹೆಚ್ಚಿಸುತ್ತ ಹೋದರೆ ಅದು ಚಪ್ಪಟೆಯಾಗಿ ಕೂರುತ್ತದೆ. ಕಡಿಮೆ ಹೆಚ್ಚಿಸಿದರೆ ಬಟ್ಟಲಾಗುತ್ತದೆ, ಅತಿಯಾದರೆ ಅಂಚು ಅಲೆ ಅಲೆಯಾಗಿ ಏಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಈ ಅಲೆಯನ್ನೇ ಬಳಸಿಕೊಂಡು, ಕಾಗದದ ಮೇಲೆ ತೋರಿಸುವುದು ಕಷ್ಟವಾಗಿದ್ದ ಹೈಪರ್ಬೋಲಿಕ್ ಮೇಲ್ಮೈಯನ್ನು ದಾರದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗಿಟ್ಟರು.

ಬೇಕಿಂಗಿನ ದಾರಿ ಬೇರೆ. ಹೆಣಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಒಲೆಗೆ ಹೋದ ಕೇಕನ್ನು ಬಿಚ್ಚಲಾಗದು. ಅಡುಗೆ ಸೋಡಾ ಮೊಸರಿನ ಹುಳಿಗೆ ತಾಗಿದ ಕ್ಷಣವೇ ಗುಳ್ಳೆ ಏಳತೊಡಗುತ್ತದೆ, ಹಿಟ್ಟನ್ನು ತಡಮಾಡದೆ ಶಾಖಕ್ಕಿಡಬೇಕು; ಮೈದಾವನ್ನು ಹೆಚ್ಚು ತಿರುವಿದರೆ ಅದರ ಅಂಟು ಬಿಗಿದು ಕೇಕು ಗಟ್ಟಿಯಾಗುತ್ತದೆ. ಇಷ್ಟು ಸುಲಭವಾಗಿ ಮನೆಯಲ್ಲಿ ಕೇಕು ಉಬ್ಬಿಸುವ ಅನುಕೂಲವೂ ಹಳೆಯದೇನಲ್ಲ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ ಬೇಕಿಂಗ್ ಪೌಡರ್ ತಯಾರಿಸಿದ್ದು 1843ರಲ್ಲಿ. ಆ ಕಾಲದ ಇಂಗ್ಲೆಂಡಿನಲ್ಲೂ ಬಡವರ ಮನೆಯಲ್ಲಿ ಓವನ್ ಇರಲಿಲ್ಲ. ಭಾನುವಾರದ, ಹಬ್ಬದ ಊಟವನ್ನು ಬೇಕರಿಯವನ ಒಲೆಗೆ ಹೊತ್ತುಕೊಂಡು ಹೋಗಿ ಬೇಯಿಸಿಕೊಂಡು ಬರುತ್ತಿದ್ದರು. ಡಿಕನ್ಸ್ ತನ್ನ ಕ್ರಿಸ್‌ಮಸ್ ಕಥೆಯಲ್ಲಿ ಈ ದೃಶ್ಯವನ್ನು ತಂದಿದ್ದಾನೆ. ನಮ್ಮ ಅಡುಗೆಮನೆಗೂ ಓವನ್ ಹೊಸಬ. ಹಬೆ, ಎಣ್ಣೆ, ಕಾವಲಿ, ಕೆಂಡ, ಇವೇ ನಮ್ಮವು. ಕೇಕು, ಬ್ರೆಡ್, ಬಿಸ್ಕತ್ತು ಬೇಕರಿಯಿಂದ ಬರುತ್ತಿದ್ದವು. ಹಾಸನ ಸೀಮೆಯಿಂದ ಬಂದ ಅಯ್ಯಂಗಾರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯ ಬಳಿ ತೆರೆದ ಬಿ.ಬಿ. ಬೇಕರಿಯ ಹಿಂದೆಯೇ ಅಯ್ಯಂಗಾರ್ ಬೇಕರಿಗಳ ದೊಡ್ಡ ಪರಂಪರೆ ಬೆಳೆಯಿತು. ಹೀಗಾಗಿ ಕನ್ನಡದ ಬಹುಪಾಲು ಮನೆಗಳಲ್ಲಿ ಬೇಕಿಂಗ್ ಯಾರ ಕರ್ತವ್ಯವೂ ಆಗಿಲ್ಲ. ಸಾರು ಮಾಡದಿದ್ದರೆ ಊಟ ನಿಲ್ಲುತ್ತದೆ, ಚಕ್ಕುಲಿ ಮಾಡದಿದ್ದರೆ ಹಬ್ಬ ಕಳೆಗುಂದುತ್ತದೆ; ಕೇಕು ಮಾಡದಿದ್ದರೆ ಯಾರೂ ಕೇಳುವುದಿಲ್ಲ. ಆ ಕಾರಣಕ್ಕೇ ಅದರಲ್ಲಿ ಸ್ವಾತಂತ್ರ್ಯವಿದೆ. ಕೇಕಿಗೆ ಆರ್ಡರ್ ಹಿಡಿದ ಮರುದಿನದಿಂದ ಅದೂ ಸಾರಿನ ಸಾಲಿಗೆ ಸೇರುತ್ತದೆ.

ಖರ್ಚಿನ ಲೆಕ್ಕ ಹಿಡಿದು ಆಕ್ಷೇಪಿಸುವವರಿಗೆ ನೇರವಾಗಿಯೇ ಉತ್ತರ ಹೇಳಬೇಕು: ಹೌದು, ಇದರಲ್ಲಿ ಉಳಿತಾಯವಿಲ್ಲ. ಬೆಣ್ಣೆ, ಮೊಟ್ಟೆ, ಗ್ಯಾಸು ಅಥವಾ ಕರೆಂಟು, ಎಲ್ಲ ಸೇರಿಸಿದರೆ ಬೇಕರಿಯ ಸಾದಾ ಕೇಕೇ ಅಗ್ಗ ಬೀಳುವುದು ಸಹಜ. ಬೇಕರಿ ಒಂದು ಒಲೆಯ ಕಾವನ್ನು ನೂರು ತುಂಡುಗಳಿಗೆ ಹಂಚುತ್ತದೆ. ಕಾರ್ಖಾನೆಯ ಸ್ವೆಟರ್ ಕೂಡ ಹಾಗೆಯೇ. ಆದರೆ ಸಲಕರಣೆಗೆಂದು ಸಾಲ ಮಾಡಬೇಕಾಗಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು, ತಳಕ್ಕೆ ಉಪ್ಪು ಇಲ್ಲವೇ ಮರಳು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು ಸಣ್ಣ ಉರಿಯಲ್ಲಿ ಕೇಕು ಬೇಯಿಸುವ ಉಪಾಯ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗೊತ್ತು. ಅದು ಬೇಯುವ ಮುಕ್ಕಾಲು ಗಂಟೆ ಅಡುಗೆಮನೆ ಬಿಟ್ಟು ಹೋಗುವಂತಿಲ್ಲ, ಅಲ್ಲಿ ಮಾಡಬೇಕಾದ್ದೂ ಏನಿಲ್ಲ. ಕ್ರೋಶಾ ಕೊಕ್ಕೆಗೆ ಹೇಳಿಮಾಡಿಸಿದ ಹೊತ್ತು ಅದು. ಒಂದೇ ಕುಣಿಕೆ ತೆರೆದಿರುವುದರಿಂದ ಯಾವ ಗಳಿಗೆಯಲ್ಲಾದರೂ ಕೆಳಗಿಟ್ಟು ಎದ್ದು ಹೋಗಬಹುದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲು ಸಾಧ್ಯವಿಲ್ಲ. ವಾರವೆಲ್ಲ ದುಡಿದ ಹೆಂಗಸಿಗೆ ಭಾನುವಾರವೂ ಅಡುಗೆಮನೆಯೇ ಗತಿಯೆಂದರೆ ಅದೆಂಥ ಬಿಡುವು? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಹೇಳುವಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಕೈಹಾಕುವ ಗಂಡಸರ ಲೆಕ್ಕ. ಅಂಥವರು ಆಗ ನಾಲ್ವರಲ್ಲಿ ಒಬ್ಬರಷ್ಟೇ. ಈ ಅಂಕಿಗಳ ಎದುರು ‘ಭಾನುವಾರ ಮನೆಯವರಿಗೆಲ್ಲ ಕೇಕು ಮಾಡಿ’ ಎಂದು ಹೆಂಗಸರಿಗೆ ಉಪದೇಶ ಮಾಡುವುದು ಅನ್ಯಾಯ. ನನ್ನ ಉತ್ತರ ಇಷ್ಟೆ: ಬೇಡಿಕೆಯ ಮೇಲೆ ಮಾಡುವ ಕೇಕು ಹವ್ಯಾಸವಲ್ಲ. ಯಾರೂ ಕೇಳದೆ, ತನಗೆ ಬೇಕೆನಿಸಿದಾಗ, ಬೇಡವೆನಿಸಿದರೆ ಬಿಟ್ಟುಬಿಡುವ ಹಕ್ಕಿನೊಂದಿಗೆ ಮಾಡಿದರೆ ಮಾತ್ರ ಅದು ಬಿಡುವು. ಆ ಬಿಡುವು ಹುಟ್ಟಬೇಕಾದರೆ ಅವತ್ತಿನ ಪಾತ್ರೆ, ಕಸ, ಮಧ್ಯಾಹ್ನದ ಊಟ ಬೇರೊಬ್ಬರ ಪಾಲಿಗೆ ಹೋಗಬೇಕು. ಇನ್ನು, ಈ ಕೆಲಸಗಳು ಹೆಂಗಸರವೇ ಎಂಬ ಮಾತಿಗೂ ಆಧಾರವಿಲ್ಲ. ಪೆರು ದೇಶದ ಟಿಟಿಕಾಕಾ ಸರೋವರದ ತಕೀಲೆ ದ್ವೀಪದಲ್ಲಿ ಟೋಪಿ ಹೆಣೆಯುವುದು ಗಂಡಸರ ಕೆಲಸ. ಹುಡುಗರು ಚಿಕ್ಕಂದಿನಲ್ಲೇ ಕಡ್ಡಿ ಹಿಡಿಯುತ್ತಾರೆ. ಅಲ್ಲಿಯ ಜವಳಿ ಕಲೆಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು. ನಮ್ಮ ಬೇಕರಿಗಳ ಒಲೆಯ ಮುಂದೆ ನಿಂತವರೂ ಬಹುಮಟ್ಟಿಗೆ ಗಂಡಸರೇ. ದುಡ್ಡಿಗೆ ಬೇಯಿಸಬಲ್ಲ ಕೈ ಮನೆಯಲ್ಲೂ ಬೇಯಿಸಬಲ್ಲದು.

ಕೊನೆಯ ಆಕ್ಷೇಪ ದುಡಿಮೆಯದು. ಮನೆಯಲ್ಲೇ ಕೇಕು ಮಾಡಿ ಮಾರಿ ಮಕ್ಕಳ ಫೀಸು ಕಟ್ಟುವ, ಮೊದಲ ಬಾರಿಗೆ ತಮ್ಮದೇ ಬ್ಯಾಂಕ್ ಖಾತೆ ತೆರೆದ ಹೆಂಗಸರು ಎಷ್ಟೋ ಮಂದಿ. ಅವರಿಗೆ ಮಾರಬೇಡಿ ಎನ್ನಲು ನಾನು ಯಾರು? ಹಾಗೆ ಹೇಳುತ್ತಲೂ ಇಲ್ಲ. ಮಾರುವುದಾದರೆ ಅದನ್ನು ಪೂರಾ ದುಡಿಮೆಯೆಂದೇ ಕರೆಯಿರಿ ಎನ್ನುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ, ಅಳತೆ, ಶುಚಿ, ರಜೆ ಎಲ್ಲವೂ ಇರಲಿ. ಬೆಲೆಯಲ್ಲಿ ಮೈದಾ, ಸಕ್ಕರೆಯ ಜೊತೆಗೆ ಕೈಯ ಗಂಟೆಗಳೂ ಸೇರಲಿ. ಬಹಳ ಮಂದಿ ಸಾಮಾನಿನ ಖರ್ಚಿಗೆ ಒಂದಿಷ್ಟು ಸೇರಿಸಿ ಸುಮ್ಮನಾಗುತ್ತಾರೆ, ಹೇಗೂ ಮನೆಯಲ್ಲೇ ಇದ್ದೇನಲ್ಲ ಎಂದುಕೊಳ್ಳುತ್ತಾರೆ. ನರಸಾಪುರದ ಹೆಂಗಸರ ಕೂಲಿ ಕರಗಿದ್ದೂ ಇದೇ ಲೆಕ್ಕಾಚಾರದಲ್ಲಿ. ಖುಷಿಗೆ ಹೆಣೆಯುವವರು ಸಂತೆಯಲ್ಲಿ ದಾರದ ದುಡ್ಡಿಗೆ ಮಾಲು ಕೊಟ್ಟರೆ ಪಕ್ಕದ ಮಳಿಗೆಯಲ್ಲಿ ಅದರಿಂದಲೇ ಅನ್ನ ಉಣ್ಣುವವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬುದನ್ನೂ ನೆನೆಯಬೇಕು.

ಮಾರದಿದ್ದರೆ ಅಷ್ಟು ಕೇಕು, ಅಷ್ಟು ಮ್ಯಾಟ್ ಏನು ಮಾಡುವುದು ಎನ್ನುವುದಕ್ಕೆ ನಮ್ಮ ನಾಡಿನಲ್ಲಿ ಉತ್ತರ ಎಂದೋ ಸಿದ್ಧವಿದೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡಿದ ಕುಸ್ವಾರ್ ತಿಂಡಿಗಳ ತಟ್ಟೆ ಜಾತಿ ಧರ್ಮ ನೋಡದೆ ನೆರೆಮನೆಗೆ ಹೋಗುತ್ತದೆ. ಹಳೆ ಮೈಸೂರಿನ ಕಡೆ ಸಂಕ್ರಾಂತಿಯಲ್ಲಿ ಎಳ್ಳು ಬೀರುತ್ತಾರೆ. ಕೊಟ್ಟವರೂ ಲೆಕ್ಕ ಬರೆದಿಡುವುದಿಲ್ಲ, ಪಡೆದವರೂ ಬೆಲೆ ಕೇಳುವುದಿಲ್ಲ. ಭಾನುವಾರದ ಕೇಕಿನ ಅರ್ಧ ಭಾಗ ಎದುರುಮನೆಗೆ ಹೋಗಲಿ, ಕುಲಾವಿ ಗೆಳತಿಯ ಮಗುವಿಗೆ ಹೋಗಲಿ. ಒಂದು ಮ್ಯಾಟನ್ನಾದರೂ ಕೈಯಾರೆ ಹಾಕಿ ಮುಗಿಸಿದವರಿಗೆ ಅದರ ಒಂದೊಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಾಗಿರುತ್ತದೆ. ಅಂಥವರಲ್ಲಿ ನನ್ನದೊಂದು ಬೇಡಿಕೆ: ಮುಂದಿನ ಸಲ ರಸ್ತೆ ಬದಿಯಲ್ಲೋ ಸಂತೆಯಲ್ಲೋ ತಾನೇ ಹಾಕಿದ ಕ್ರೋಶಾ ಮಾರುವ ಹೆಂಗಸು ಸಿಕ್ಕಾಗ ದಯವಿಟ್ಟು ಚೌಕಾಶಿ ಮಾಡಬೇಡಿ, ಅವಳು ಹೇಳಿದ ಬೆಲೆಯನ್ನೇ ಕೊಡಿ.