ಐದು ಪಟ್ಟಣಗಳು, ಒಂದು ಪಾಳ್ಯ

2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10,20,791. ಇವರಲ್ಲಿ ಪಟ್ಟಣವಾಸಿಗಳು ನೂರಕ್ಕೆ ಹದಿನೇಳು ಮಂದಿ ಮಾತ್ರ. ಇಡೀ ರಾಜ್ಯದಲ್ಲಿ ಈ ಪ್ರಮಾಣ ಮೂವತ್ತೆಂಟನ್ನು ಮೀರಿತ್ತು. ಪಟ್ಟಣಗಳು ಐದು. ಚಾಮರಾಜನಗರದಲ್ಲಿ ಸುಮಾರು 70 ಸಾವಿರ, ಕೊಳ್ಳೇಗಾಲದಲ್ಲಿ 57 ಸಾವಿರ, ಗುಂಡ್ಲುಪೇಟೆಯಲ್ಲಿ 28 ಸಾವಿರ ಜನರಿದ್ದರು. ಹನೂರು, ಯಳಂದೂರುಗಳೆರಡೂ ಸೇರಿ ಇಪ್ಪತ್ತು ಸಾವಿರದಷ್ಟು. ಐದನ್ನೂ ಕೂಡಿಸಿದರೆ ಅಂದಿನ ಮೈಸೂರು ನಗರದ ಐದನೆಯ ಒಂದು ಪಾಲು.

ಈ ಏರಿಳಿತಕ್ಕೆ ಚರಿತ್ರೆಯ ಕಾರಣಗಳಿವೆ. 1956ರವರೆಗೆ ಮದ್ರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲಕ್ಕೆ ರೇಷ್ಮೆಯ ನೇಯ್ಗೆ ಆಧಾರವಾಗಿತ್ತು. ಅರಿಕುಠಾರವೆಂಬ ಹಳೆಯ ಹೆಸರಿನ ಚಾಮರಾಜನಗರಕ್ಕೆ 1997ರಲ್ಲಿ ಜಿಲ್ಲಾಕೇಂದ್ರದ ಪದವಿ ದೊರೆಯಿತು. ಜನಸಂಖ್ಯೆ ಬರಿಯ ಅಂಕಿಯಲ್ಲ. ಊರೊಂದು ಪಟ್ಟಣ ಪಂಚಾಯಿತಿಯೋ ಪುರಸಭೆಯೋ ನಗರಸಭೆಯೋ ಎಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಆದರೆ ವಿದ್ವತ್ತಿನ ಚರಿತ್ರೆ ಈ ಶ್ರೇಣಿಯನ್ನು ಅನುಸರಿಸುವುದಿಲ್ಲ. ಐದರಲ್ಲಿ ಅತ್ಯಂತ ಚಿಕ್ಕದಾದ ಯಳಂದೂರು, ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ಜೈನ ವಿಶಾಲಾಕ್ಷ ಪಂಡಿತನ ಊರು. ಪಟ್ಟಣಗಳ ಪಟ್ಟಿಯಲ್ಲೇ ಇಲ್ಲದ ಮಲೆಯೂರಿನ ಕನಕಗಿರಿ, 'ರಾಜಾವಳಿ ಕಥೆ'ಯ ಕರ್ತೃ ದೇವಚಂದ್ರನನ್ನು ನೀಡಿತು.

ಇಷ್ಟರಿಂದ 'ಸಂಖ್ಯೆ ಮುಖ್ಯವಲ್ಲ' ಎಂದು ಸಮಾಧಾನಪಡುವುದು ಸುಲಭ, ಅದು ಅರ್ಧಸತ್ಯ. ಗ್ರಂಥ ಬರೆಯಲು ಒಬ್ಬ ಸಾಕು. ಬಸದಿ ಉಳಿಯಲು ಮನೆಗಳು ಬೇಕು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಅರಿಕುಠಾರದಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಅವನ ಶಾಸನವೊಂದೇ ಕಾವಲಲ್ಲ. ನಿತ್ಯ ಅಭಿಷೇಕಕ್ಕೆ ನೀರು ತರುವ ಕೈಗಳೇ ಕಾವಲು. ಅದೇ ಗಣತಿಯಲ್ಲಿ ಕರ್ನಾಟಕದ ಜೈನರು ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. ಇಂಥ ಸಮುದಾಯಕ್ಕೆ ಗಣತಿಯ ಕೋಷ್ಟಕವೆಂದರೆ ಅಳಿವು ಉಳಿವಿನ ಲೆಕ್ಕ.

ಈ ಲೆಕ್ಕವನ್ನು ಬಲ್ಲ ಮತ್ತೊಂದು ಸಮುದಾಯ ಹನೂರು ಸೀಮೆಯ ಒಡೆಯರಪಾಳ್ಯದಲ್ಲಿದೆ. 1970ರ ದಶಕದಲ್ಲಿ ಅಲ್ಲಿ ನೆಲೆಗೊಂಡ ಟಿಬೆಟಿನ ನಿರಾಶ್ರಿತರು ಚಿಕ್ಕ ಚಿಕ್ಕ ಹಳ್ಳಿಗಳಲ್ಲಿ ಹರಡಿಕೊಂಡಿದ್ದಾರೆ. ಮುಸುಕಿನ ಜೋಳದ ಹೊಲಗಳ ನಡುವೆ ಜೋಗ್‌ಚೆನ್ ವಿಹಾರ ಎದ್ದು ನಿಂತಿದೆ. ಅವರ ಮಕ್ಕಳೂ ಓದು, ಉದ್ಯೋಗಗಳನ್ನು ಅರಸಿ ನಗರಗಳಿಗೆ, ಹೊರದೇಶಗಳಿಗೆ ಹೋಗುತ್ತಿದ್ದಾರೆ. ಹೋದವರನ್ನು ಆ ನಗರಗಳ ಗಣತಿ ಸೇರಿಸಿಕೊಳ್ಳುತ್ತದೆ. ಅಲ್ಲಿ ಒಬ್ಬರು ಹೆಚ್ಚಿದರೆ ಯಾರಿಗೂ ತಿಳಿಯದು. ಪಾಳ್ಯದಲ್ಲಿ ಒಂದು ಮನೆಯ ಬಾಗಿಲು ಮುಚ್ಚಿದರೆ ಬೀದಿಗೆಲ್ಲ ತಿಳಿಯುತ್ತದೆ. ಊರುಗಳನ್ನು ಹೋಲಿಸುವವರು ದೊಡ್ಡದು ಯಾವುದೆಂದು ಕೇಳುವುದರ ಜೊತೆಗೆ, ಚಿಕ್ಕದರಲ್ಲಿ ಉಳಿದವರು ಎಷ್ಟು ಮನೆಗಳವರೆಂದೂ ಕೇಳಬೇಕು.