ಬಿಟ್ಟ ಚೆಂಡಿನ ಸುಖ

ಹೊಡೆದ ಚೆಂಡಿನ ಬಗ್ಗೆ ಮಾತಾಡಲು ಊರ ತುಂಬ ಜನರಿದ್ದಾರೆ. ನನಗೆ ಪ್ರೀತಿ ಬಿಟ್ಟ ಚೆಂಡಿನ ಮೇಲೆ. ಆಫ್ ಸ್ಟಂಪಿನಾಚೆ ಬಿದ್ದು ಇನ್ನಷ್ಟು ಹೊರಗೆ ಸರಿಯುವ ಚೆಂಡನ್ನು ಕಡೇ ಗಳಿಗೆಯವರೆಗೂ ದಿಟ್ಟಿಸಿ, ಬ್ಯಾಟನ್ನು ಮೇಲೆತ್ತಿ, ಕೀಪರನ ಕೈಗೆ ಹೋಗಗೊಡುವುದರಲ್ಲಿ ಒಂದು ಸುಖವಿದೆ. ಹೊಸಪೇಟೆಯ ಬಯಲುಗಳಲ್ಲಿ ಆಡುವಾಗ ಆ ಸುಖ ನನಗೆ ಸಿಗಲಿಲ್ಲ. ಟೆನ್ನಿಸ್ ಬಾಲಿನ ಆರೆಂಟು ಓವರ್‌ಗಳ ಪಂದ್ಯದಲ್ಲಿ ಪ್ರತಿ ಚೆಂಡಿಗೂ ರನ್ ಬೇಕು. ಬಿಡುವುದನ್ನು ನನಗೆ ಕಲಿಸಿದ್ದು ಕಂಪ್ಯೂಟರಿನ ಕ್ರಿಕೆಟ್.

ನಮ್ಮ ಸೀಮೆಯಲ್ಲಿ ಆಡಿ ಬೆಳೆದವರಿಗೆ ಮೊದಲು ಗೊತ್ತಾಗುವುದು ಮಣ್ಣು. ಕಂಪ್ಲಿ ಕಡೆ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಕೊಯ್ಲಾದ ಮೇಲೆ ಗದ್ದೆಯೇ ಮೈದಾನ. ಒಣಗಿದ ನೆಲ ಬಾಯಿ ಬಿಟ್ಟಿರುತ್ತದೆ. ಬಿರುಕಿನ ಅಂಚಿಗೆ ತಾಗಿದ ಚೆಂಡು ಪಾದದ ಮೇಲೆ ಹರಿಯಬಹುದು, ಗದ್ದಕ್ಕೂ ಏಳಬಹುದು. ಸಂಡೂರಿನಲ್ಲಿ ಕಬ್ಬಿಣದ ಅದಿರಿನ ಕೆಂಪು ನೆಲ. ಅಲ್ಲಿ ಚೆಂಡು ನೇರವಾಗಿ, ರಭಸದಿಂದ ಬರುತ್ತದೆ. ಸಂಜೆಯ ಹೊತ್ತಿಗೆ ಚೆಂಡು, ಅಂಗಿ, ಅಂಗೈ ಎಲ್ಲ ಒಂದೇ ಬಣ್ಣ. ಹಂಪಿ–ಕಮಲಾಪುರದ ಸುತ್ತ ಬಂಡೆಗಳ ನಡುವಿನ ತೆರಪಿನಲ್ಲಿ ಆಡಿದರೆ ಮರಳು, ಹರಳು. ಬಂಡೆಗೆ ಬಡಿದರೆ ಎಷ್ಟು ರನ್ ಎಂಬುದು ಟಾಸ್‌ಗೆ ಮೊದಲೇ ತೀರ್ಮಾನವಾಗಬೇಕು. ಹೀಗೆ ಆಡಿದವನು ಯಾವುದೇ ಕ್ರಿಕೆಟ್ ಗೇಮ್ ಎದುರು ಕುಳಿತರೂ ಕೇಳುವ ಮೊದಲ ಪ್ರಶ್ನೆ: ಇದಕ್ಕೆ ನೆಲ ಗೊತ್ತೇ?

ನಮ್ಮ ತಲೆಮಾರಿನವರು ಈ ಲೋಕಕ್ಕೆ ಬಂದದ್ದು 2006ರ ಕೊನೆಯಲ್ಲಿ ಬಿಡುಗಡೆಯಾದ ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ ಮೂಲಕ. ಸೈಬರ್ ಕೆಫೆಗಳಲ್ಲಿ ಒಂದೇ ಕೀಬೋರ್ಡಿಗೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಆಡುತ್ತಿದ್ದೆವು. ಅದನ್ನು ಮಾಡಿದ್ದು ಕ್ರಿಕೆಟ್ಟಿಗಿಂತ ಐಸ್ ಹಾಕಿಗೆ ಹೆಸರಾದ ಕೆನಡಾದ ಎಚ್‌ಬಿ ಸ್ಟುಡಿಯೋಸ್ ಎಂದು ಆಮೇಲೆ ತಿಳಿದಾಗ ಆ ಕೆಲಸಗಾರರ ಮೇಲೆ ಗೌರವ ಹೆಚ್ಚಿತು. ಭಾರತ ತಂಡದ ಪರವಾನಗಿ ಅದರಲ್ಲಿ ಇರಲಿಲ್ಲ. ಆದರೆ ಅಭಿಮಾನಿಗಳು ಹೆಸರು ತಿದ್ದಿದರು, ಅಂಗಿಗೆ ನೀಲಿ ತುಂಬಿದರು, ಹೊಸ ತಂಡಗಳನ್ನು ಸೇರಿಸಿದರು. ವರ್ಷಗಳ ಕಾಲ ಆ ಆಟವನ್ನು ಉಳಿಸಿದವರು ಅವರೇ. ಅದರ ಸಂತೋಷ ದೊಡ್ಡದು, ಪಾಠ ಚಿಕ್ಕದು. ಚೆಂಡು ಬೀಳುವ ಜಾಗವನ್ನು ಪಿಚ್ ಮೇಲಿನ ಗುರುತು ಮೊದಲೇ ತೋರಿಸಿಬಿಡುತ್ತಿತ್ತು. ಹೊಡೆಯುವವನಿಗೆ ಕಣ್ಣಿಗಿಂತ ಬೆರಳು ಚುರುಕಾಗಿದ್ದರೆ ಸಾಕಿತ್ತು.

2014ರಲ್ಲಿ ಮೆಲ್ಬರ್ನ್‌ನ ಬಿಗ್ ಆ್ಯಂಟ್ ಸ್ಟುಡಿಯೋಸ್ ‘ಡಾನ್ ಬ್ರಾಡ್ಮನ್ ಕ್ರಿಕೆಟ್ 14’ ತಂದಿತು. ಅಲ್ಲಿ ಆ ಗುರುತು ಇಲ್ಲ. ಚೆಂಡು ಬೌಲರನ ಕೈ ಬಿಡುವಾಗ ಸಿಗುವ ಸಣ್ಣ ಸುಳಿವೊಂದೇ. ಉಳಿದದ್ದನ್ನು ನಾವೇ ಓದಬೇಕು. ಕಂಟ್ರೋಲರಿನಲ್ಲಿ ಎಡಗೈ ಹೆಬ್ಬೆರಳಿನ ಸ್ಟಿಕ್ ಪಾದಗಳಿಗೆ, ಬಲಗೈಯದು ಬ್ಯಾಟಿಗೆ. ಪಾದ ಒಂದು ಕಡೆ, ಬ್ಯಾಟು ಇನ್ನೊಂದು ಕಡೆ ಹೋದರೆ ಎಡ್ಜ್ ಆಗಿ ಸ್ಲಿಪ್ಪಿಗೆ ಕ್ಯಾಚ್. ವೃತ್ತಿಜೀವನದ ವಿಭಾಗದಲ್ಲಿ ಹದಿನಾರರ ಹುಡುಗನಾಗಿ ಶುರುಮಾಡಿ ದೇಶದ ತಂಡಕ್ಕೆ ಏರಬೇಕು. ನಮ್ಮ ಪಾಲಿನ ಬ್ಯಾಟ್ಸ್‌ಮನ್ ಔಟಾದರೆ ಆ ಇನಿಂಗ್ಸ್‌ನಲ್ಲಿ ಇನ್ನೊಂದು ಬ್ಯಾಟಿಂಗ್ ಇಲ್ಲ. ಆ ಭಯ ಬಂದ ಮೇಲೆ ಪ್ರತಿ ಚೆಂಡಿಗೂ ಬೆಲೆ ಬರುತ್ತದೆ. ಹೊಸ ಚೆಂಡಿನ ಹೊಳಪು ಇಳಿಯುವವರೆಗೆ ತಾಳು, ಬೌಲರ್ ದಣಿಯುವವರೆಗೆ ತಾಳು ಎಂದು ಮನಸ್ಸು ತಾನೇ ಹೇಳತೊಡಗುತ್ತದೆ.

ಏಪ್ರಿಲ್–ಮೇ ತಿಂಗಳ ನಮ್ಮೂರ ಮಧ್ಯಾಹ್ನಗಳಲ್ಲಿ ಬಯಲಿಗೆ ಕಾಲಿಡಲಾಗದು. ಆಗ ಮನೆಯೊಳಗೆ ಟೆಸ್ಟ್ ಪಂದ್ಯ. ಚಿಕ್ಕಪ್ಪನ ಮಗ ಪಕ್ಕದಲ್ಲಿ ಕೂತು ಚಡಪಡಿಸುತ್ತಾನೆ.

“ಅಣ್ಣಾ, ಹೊಡಿಯಣ್ಣಾ! ಯಾಕ ಸುಮ್ನ ಬಿಡ್ತಿ?”

“ಬಿಟ್ರ ಅವ ಬ್ಯಾಸತ್ತು ಒಳಗ ಹಾಕ್ತಾನ ನೋಡ್ಲೇ. ಆವಾಗ ಹೊಡೆಯೋದು.”

ಬೌಲರ್ ಒಳಗೆ ಹಾಕಿದಾಗ ಕವರ್ ಕಡೆಗೆ ಹರಿಯುವ ಆ ಒಂದು ಡ್ರೈವ್‌ನಲ್ಲಿ ಹಿಂದಿನ ಅರ್ಧ ಗಂಟೆಯ ತಾಳ್ಮೆಯೆಲ್ಲ ಸೇರಿರುತ್ತದೆ. ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್‌ನಲ್ಲಿ ಎದುರಿಸಿದ ಚೆಂಡುಗಳು 31,258. ಗಳಿಸಿದ ರನ್ 13,288. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟು ಚೆಂಡುಗಳನ್ನು ಬಿಟ್ಟಿರಬೇಕು, ಎಷ್ಟನ್ನು ಸುಮ್ಮನೆ ತಡೆದಿರಬೇಕು! ಟಿವಿಯಲ್ಲಿ ನೋಡುವಾಗ ಅದು ನಮಗೆ ಕಾಯುವಿಕೆಯಾಗಿತ್ತು. ಸ್ಟಿಕ್ ಹಿಡಿದು ಆಡಿದ ಮೇಲೆ ಅದು ದುಡಿಮೆ ಎಂದು ಕಾಣುತ್ತದೆ.

ಬೌಲಿಂಗ್ ಇನ್ನೊಂದು ವಿದ್ಯೆ. ಸ್ಪಿನ್ ಹಾಕುವಾಗ ಸ್ಟಿಕ್ಕನ್ನು ತಿರುಗಿಸಿದಷ್ಟೂ ಚೆಂಡಿಗೆ ತಿರುವು. ಪಿಚ್ಚನ್ನು ಹುಲ್ಲಿನದಾಗಿ, ಒಣದಾಗಿ, ಬಿರುಕಿನದಾಗಿ ಆರಿಸಿಕೊಳ್ಳಬಹುದು. ದಿನ ಕಳೆದಂತೆ ಅದು ಸವೆಯುತ್ತದೆ. ನಾಲ್ಕನೇ ಇನಿಂಗ್ಸ್‌ನಲ್ಲಿ ಲೆಗ್ ಸ್ಪಿನ್ನರನ ಕೈಗೆ ಚೆಂಡು ಕೊಟ್ಟಾಗ 1999ರ ಫೆಬ್ರುವರಿಯ ದೆಹಲಿ ನೆನಪಾಗದೆ ಇರದು. ಅಂದು ಟೆಸ್ಟ್‌ನ ನಾಲ್ಕನೇ ಇನಿಂಗ್ಸ್‌ನಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಅನಿಲ್ ಕುಂಬ್ಳೆ 74 ರನ್‌ಗೆ ಕಿತ್ತರು. ಕುಂಬ್ಳೆಯ ಬಲ ದೊಡ್ಡ ತಿರುವಿಗಿಂತ ವೇಗ, ಪುಟಿತ ಮತ್ತು ಬಿಡದ ನಿಖರತೆಯಲ್ಲಿತ್ತು. ಗೇಮಿನಲ್ಲೂ ಅಷ್ಟೇ. ಹೆಚ್ಚು ತಿರುಗಿಸುವ ಆಸೆ ಬಿಟ್ಟು ಒಂದೇ ಜಾಗಕ್ಕೆ ಓವರ್ ಮೇಲೆ ಓವರ್ ಹಾಕಿದಾಗ ವಿಕೆಟ್ ಬೀಳುತ್ತದೆ. ಕಂಪ್ಲಿಯ ಗದ್ದೆ ಹೇಳಿಕೊಟ್ಟದ್ದೂ ಇದನ್ನೇ: ನೆಲಕ್ಕೆ ಅದರ ಕೆಲಸ ಮಾಡಲು ಬಿಡು.

ಇದೇ ಸರಣಿಯ ‘ಡಾನ್ ಬ್ರಾಡ್ಮನ್ ಕ್ರಿಕೆಟ್ 17’ರಲ್ಲಿ ಮಹಿಳೆಯರ ಕ್ರಿಕೆಟ್ ಬಂತು, ಕ್ರೀಡಾಂಗಣವನ್ನು ನಾವೇ ಕಟ್ಟುವ ಸೌಲಭ್ಯವೂ ಬಂತು. ತಂಗಿ ತನ್ನ ಹೆಸರಿನಲ್ಲೇ ಒಬ್ಬಳು ಎಡಗೈ ಸ್ಪಿನ್ನರಳನ್ನು ಸೃಷ್ಟಿಸಿಕೊಂಡಳು. 2017ರ ವಿಶ್ವಕಪ್‌ನಲ್ಲಿ ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಪಡೆದ ದಿನ ಅವಳ ಸಂಭ್ರಮ ನೋಡಬೇಕಿತ್ತು. ನಾನು ಒಂದು ಚಿಕ್ಕ ಮೈದಾನ ಕಟ್ಟಿ ಹೊಸಪೇಟೆ ಎಂದು ಹೆಸರಿಟ್ಟೆ. ಒಣ ಪಿಚ್, ಸಣ್ಣ ಗ್ಯಾಲರಿ. ಅಲ್ಲಿ ಟೆಸ್ಟ್ ಆಡಿಸಿದ ಖುಷಿ ನನ್ನದು.

ಇಷ್ಟು ಪ್ರೀತಿ ಇರುವುದರಿಂದಲೇ ಈ ಬಗೆಯ ಆಟಗಳ ಕೊರತೆ ನೋಯಿಸುತ್ತದೆ. ಅಷ್ಟು ಜಾಣತನದಿಂದ ಸವೆಯುವ ಪಿಚ್ ಇರುವಲ್ಲಿ ಫೀಲ್ಡರ್ ಕಾಲ ಬುಡದ ಚೆಂಡನ್ನು ನೋಡುತ್ತ ನಿಲ್ಲುತ್ತಾನೆ. ಎದುರಾಳಿ ಕಂಪ್ಯೂಟರ್ ಟೆಸ್ಟ್ ಉಳಿಸಿಕೊಳ್ಳಬೇಕಾದ ಕೊನೇ ದಿನ ಸಿಕ್ಸರಿಗೆ ಕೈಹಾಕುತ್ತದೆ. ಸೋಲು ತಪ್ಪಿಸುವುದೂ ಒಂದು ಸಾಧನೆ ಎಂಬುದು ಅದಕ್ಕೆ ತಿಳಿಯದು. ಓಡಲು ಹೇಳಿ ತಡೆದರೆ ಇಬ್ಬರೂ ಒಂದೇ ತುದಿಯಲ್ಲಿ. ವೀಕ್ಷಕ ವಿವರಣೆಯ ಅವೇ ಮಾತುಗಳು ನಾಲ್ಕು ಓವರಿಗೊಮ್ಮೆ ಮರಳುತ್ತವೆ. ಹೊಸ ಅಪ್‌ಡೇಟ್ ಬಂದರೆ ನಿನ್ನೆಯವರೆಗೆ ಕೈಗೆ ಕೂತಿದ್ದ ಟೈಮಿಂಗ್ ಇಂದು ಕೆಟ್ಟಿರುತ್ತದೆ. ತೊಂಬತ್ತರ ಗಡಿಯಲ್ಲಿ ಕರೆಂಟ್ ಹೋದರಂತೂ ಆ ದಿನದ ಊಟ ರುಚಿಸುವುದಿಲ್ಲ.

ಇನ್ನೂ ದೊಡ್ಡ ಕೊರತೆ ಒಂದಿದೆ. ಅಮೆರಿಕದ ಬೇಸ್‌ಬಾಲ್ ಪ್ರಿಯರಿಗೆ ‘ಎಂಎಲ್‌ಬಿ ದಿ ಶೋ’ 2006ರಿಂದ ವರ್ಷಕ್ಕೊಂದರಂತೆ ಬರುತ್ತಿದೆ. ಅದರಲ್ಲಿ ಅವರ ನಿಜವಾದ ತಂಡಗಳು, ನಿಜವಾದ ಮೈದಾನಗಳು, ಅವರದೇ ಮಾತು. ಕ್ರಿಕೆಟ್ಟನ್ನು ಉಸಿರಾಡುವ ನಾಡು ನಮ್ಮದು. 1973–74ರಲ್ಲಿ ಮೊದಲ ಸಲ ರಣಜಿ ಟ್ರೋಫಿ ಗೆದ್ದ ಕರ್ನಾಟಕ ತಂಡವನ್ನು ನಡೆಸಿ ಆಡುವ, ವಿಶ್ವನಾಥರ ಸ್ಕ್ವೇರ್ ಕಟ್ಟನ್ನೂ ಪ್ರಸನ್ನರ ಫ್ಲೈಟನ್ನೂ ಬೆರಳಲ್ಲಿ ಅನುಭವಿಸುವ ಒಂದು ಆಟ ನಮಗೆ ಬೇಕು. ಟಿವಿಯಲ್ಲಿ ಐಪಿಎಲ್‌ಗೆ ಕನ್ನಡ ವಿವರಣೆ ಬಂದಾಗಿದೆ, ಗೇಮಿಗೂ ಬರಲಿ. ಬೆಂಗಳೂರಿನಲ್ಲಿ ಗೇಮ್ ಕಟ್ಟಬಲ್ಲ ಕೈಗಳು ಬೇಕಾದಷ್ಟಿವೆ. ಅವರು ಒಮ್ಮೆ ನಮ್ಮ ಕಡೆ ಬಂದು, ಗದ್ದೆಯ ಬಿರುಕನ್ನೂ ಸಂಡೂರಿನ ಕೆಂಪು ನೆಲವನ್ನೂ ಕಾಲಲ್ಲಿ ತುಳಿದು, ಚೆಂಡು ಹೇಗೆ ಏಳುತ್ತದೆಂದು ನೋಡಿ ಹೋಗಲಿ.

ಕೊರತೆಗಳೆಲ್ಲ ಇದ್ದರೂ ನನ್ನ ತೀರ್ಮಾನ ಬದಲಾಗದು. ಕ್ರಿಕೆಟ್ಟಿನ ಒಳಗಿನ ಕಷ್ಟವನ್ನು ಕೂತಲ್ಲೇ ಕಲಿಸಲು ಇದಕ್ಕಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಇಂಥ ಆಟ ಇದ್ದರೆ ಐದು ಓವರಿನ ಪಂದ್ಯವನ್ನು ಒಂದು ದಿನ ಬದಿಗಿಟ್ಟು ಟೆಸ್ಟ್ ಆಡಿ. ಹೊರಗೆ ಹೋಗುವ ಚೆಂಡುಗಳನ್ನು ಬಿಡುತ್ತ ಮೊದಲ ಒಂದು ಗಂಟೆ ಕಳೆಯಿರಿ, ಎರಡನೇ ಗಂಟೆಯ ರನ್ನುಗಳು ತಾವಾಗಿ ಬರುತ್ತವೆ.