ಪೆಟ್ಟಿಗೆಯಲ್ಲಿ ಹಿಡಿಯುವ ಕಾಣಿಕೆ

ರಾಜನನ್ನೂ ದೇವರನ್ನೂ ಗುರುವನ್ನೂ ಬರಿಗೈಯಲ್ಲಿ ಕಾಣಬಾರದೆಂದು ನಮ್ಮ ಹಿರಿಯರು ವಿಧಿಸಿರುವರು. ದೂರದೇಶದಿಂದ ಮರಳುವವನ ದಾರಿ ಕಾಯುವ ನೆಂಟರಿಷ್ಟರನ್ನು ಅವರು ಈ ಪಟ್ಟಿಯಲ್ಲಿ ಸೇರಿಸಲಿಲ್ಲ. ಸೇರಿಸದಿದ್ದರೂ ಆ ವಿಧಿಯನ್ನು ಮೀರಿದವರನ್ನು ನಾನು ಈವರೆಗೆ ಕಂಡಿಲ್ಲ. ಆದರೆ ವಿಧಿಯನ್ನು ಮಾಡಿದವರ ಕಾಲದಲ್ಲಿ ವಿಮಾನನಿಲ್ದಾಣದ ತಕ್ಕಡಿ ಇರಲಿಲ್ಲವೆಂಬುದನ್ನು ನಾವು ನೆನಪಿನಲ್ಲಿಡಬೇಕು. ನನ್ನ ಟಿಕೇಟಿನ ಮೇಲೆ ಬರೆದಿದ್ದ ಭಾರ 23 ಕಿಲೋಗ್ರಾಂ. ಅದರಲ್ಲಿ ಖಾಲಿ ಪೆಟ್ಟಿಗೆಯೇ ನಾಲ್ಕನ್ನು ನುಂಗಿತು. ನನ್ನ ಪಂಚೆ, ಉಣ್ಣೆಯ ಅಂಗಿ, ಎರಡು ಪುಸ್ತಕ, ಔಷಧಿಗಳ ಡಬ್ಬಿ ಇವೆಲ್ಲ ಸೇರಿ ಹತ್ತು. ಉಳಿದ ಒಂಬತ್ತರಲ್ಲಿ ಹದಿನಾಲ್ಕು ಮನೆಗಳ ಪ್ರೀತಿಯನ್ನು ಅಡಕಮಾಡಬೇಕಾಗಿತ್ತು.

ಮಗಳು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗದಲ್ಲಿರುವುದರಿಂದ ಶರತ್ಕಾಲದಿಂದ ಡಿಸೆಂಬರು ಮುಗಿಯುವವರೆಗೆ ಅಲ್ಲಿದ್ದೆನು. ಕಾಣಿಕೆಗಳ ವಿಚಾರವನ್ನು ಎತ್ತಿದಾಗ ಅವಳು, "ಅಪ್ಪ, ಅಂಗಡಿಗೆ ಹೋಗುವ ಮುಂಚೆ ಒಂದು ನಿಯಮ: ಇಲ್ಲಿ ಮಾರುವುದೆಲ್ಲ ಇಲ್ಲಿ ಮಾಡಿದ್ದಲ್ಲ" ಎಂದಳು. ಈ ಮಾತಿನ ಸತ್ಯವು ಬೇಗನೆ ಮನವರಿಕೆಯಾಯಿತು. ಕೋಟೆಗಳ ಚಿತ್ರವಿರುವ ಆಯಸ್ಕಾಂತದ ಬಿಲ್ಲೆಗಳನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಚೀನಾದೇಶದ ಹೆಸರಿತ್ತು. ಜರ್ಮನಿಯಲ್ಲಿ ಮಾಡಿದ್ದೆಂಬ ಮುದ್ರೆಗೆ ಒಂದು ಸ್ವಾರಸ್ಯವಾದ ಕಥೆಯುಂಟು. ಅದನ್ನು ಮೊದಲು ಕಡ್ಡಾಯಮಾಡಿದವರು ಜರ್ಮನರಲ್ಲ, ಇಂಗ್ಲಿಷರು. 1887ರಲ್ಲಿ ಅವರು ಮಾಡಿದ ಶಾಸನದ ಉದ್ದೇಶ, ಇದು ಪರದೇಶದ ಅಗ್ಗದ ಸರಕು, ಎಚ್ಚರಿಕೆ ಎಂದು ತಮ್ಮ ಜನರಿಗೆ ತಿಳಿಸುವುದಾಗಿತ್ತು. ಕೆಲವೇ ವರ್ಷಗಳಲ್ಲಿ ಆ ಕಳಂಕವೇ ತಿಲಕವಾಯಿತು.

ಮೊದಲನೆಯ ಬೇಡಿಕೆ ನನ್ನ ತಮ್ಮನದು. ಅವನಿಗೆ ಕೋಗಿಲೆಯ ಗಡಿಯಾರ ಬೇಕು. ಕಪ್ಪು ಅರಣ್ಯವೆಂದು ಹೆಸರಾದ ಬೆಟ್ಟಸೀಮೆಯಲ್ಲಿ, ಟ್ರಿಬರ್ಗ್, ಶೋನಾಖ್ ಮೊದಲಾದ ಊರುಗಳಲ್ಲಿ ಇವುಗಳನ್ನು ಮಾಡುತ್ತಾರೆ. ಗಂಟೆಗೊಮ್ಮೆ ಚಿಕ್ಕ ಬಾಗಿಲು ತೆರೆದು ಹಕ್ಕಿ ಹೊರಗೆ ಬಂದು ಕೂಗುವುದು ಎಲ್ಲರಿಗೂ ಗೊತ್ತು; ಅದರ ಕೊರಳು ಎಲ್ಲಿದೆಯೆಂಬುದು ಬಹುಮಂದಿಗೆ ತಿಳಿಯದು. ಪೆಟ್ಟಿಗೆಯೊಳಗೆ ಎರಡು ಪುಟ್ಟ ತಿದಿಗಳು, ಅವುಗಳಿಗೆ ಒಂದೊಂದು ಕೊಳವೆ. ಒಂದು ತಿದಿ ಮೇಲಿನ ಸ್ವರವನ್ನೂ ಇನ್ನೊಂದು ಕೆಳಗಿನ ಸ್ವರವನ್ನೂ ಊದುತ್ತದೆ. ನಮ್ಮ ಕಮ್ಮಾರನ ತಿದಿಯೇ ಅಂಗೈಯಷ್ಟಾಗಿ ಹಕ್ಕಿಯಾಯಿತೆನ್ನಬಹುದು. ಇದನ್ನು ಪ್ರಯಾಣಕ್ಕೆ ಕಟ್ಟುವ ಕ್ರಮವನ್ನು ಅಂಗಡಿಯ ಮುದುಕನು ಶ್ರದ್ಧೆಯಿಂದ ಹೇಳಿದನು. ಲೋಲಕವನ್ನು ಬಿಚ್ಚಬೇಕು, ಸರಪಣಿಗಳು ಹಲ್ಲುಚಕ್ರದಿಂದ ಜಾರದಂತೆ ತಂತಿ ಹಾಕಬೇಕು, ತಿದಿಗಳು ಬಾಯಿಬಿಡದಂತೆ ಕಾಗದದ ಕ್ಲಿಪ್ಪು ಸಿಕ್ಕಿಸಬೇಕು, ಹಕ್ಕಿಯ ಬಾಗಿಲಿಗೆ ಅಗುಳಿ ಇಡಬೇಕು. ಇಷ್ಟನ್ನೂ ಒಪ್ಪಿಕೊಂಡೆನು. ಆಮೇಲೆ ಅವನು ಪೈನ್ ಮರದ ಕಾಯಿಯ ಆಕಾರದ ಎರಕದ ಕಬ್ಬಿಣದ ತೂಕಗಳನ್ನು ತಂದು ಮೇಜಿನ ಮೇಲಿಟ್ಟನು. ದಿನಕ್ಕೊಮ್ಮೆ ಎಳೆಯುವ ಗಡಿಯಾರಕ್ಕೆ ಇವು ಹಗುರ. ಎಂಟು ದಿನಕ್ಕೊಮ್ಮೆ ಎಳೆಯುವುದಕ್ಕೆ ಬಲು ಭಾರ. ತಮ್ಮನಿಗೆ ಬೇಕಾದದ್ದು ಎಂಟು ದಿನದ್ದೇ. ಅವನೊಬ್ಬನ ಗೋಡೆಗಾಗಿ ಎಷ್ಟೋ ಮನೆಗಳ ಪಾಲನ್ನು ಕಸಿಯುವುದು ನ್ಯಾಯವಲ್ಲವೆಂದು ತೀರ್ಮಾನಿಸಿ, ಮುದುಕನಿಗೆ ನಮಸ್ಕರಿಸಿ ಹೊರಬಂದೆನು. ತಮ್ಮನು ಈಗಲೂ ಆ ಮಾತನ್ನು ಆಗಾಗ್ಗೆ ಎತ್ತುವುದುಂಟು.

ತಿನಿಸುಗಳ ವಿಷಯದಲ್ಲಿ ನಮ್ಮಂಥ ಮನೆಗಳವರಿಗೆ ತೂಕಕ್ಕಿಂತ ಆಚಾರವೇ ದೊಡ್ಡ ತಕ್ಕಡಿ. ಮಕ್ಕಳು ಆಸೆಪಡುವ ಬಣ್ಣಬಣ್ಣದ ಕರಡಿಮರಿಗಳ ಮಿಠಾಯಿ ಬಾನ್ ನಗರದಲ್ಲಿ ಹುಟ್ಟಿದ ಕಂಪೆನಿಯದು. ಅದು ಅಲ್ಲಾಡುವ ಹಾಗೆ ಮೆತ್ತಗಿರುವುದು ಜೆಲಟಿನ್ನಿನಿಂದ. ಜೆಲಟಿನ್ನೆಂದರೆ ಪ್ರಾಣಿಗಳ ಚರ್ಮ, ಮೂಳೆಗಳ ಸಾರ. ನ್ಯೂರೆಂಬರ್ಗಿನ ಸಂಬಾರರೊಟ್ಟಿಯಲ್ಲಿ ಏಲಕ್ಕಿ, ಲವಂಗ, ದಾಲ್ಚಿನ್ನಿಗಳ ಪರಿಮಳ ನಮ್ಮನ್ನು ಮನೆಯ ಕಡೆಗೆ ಎಳೆಯುತ್ತದೆ, ಆದರೆ ಅದರಲ್ಲಿ ಮೊಟ್ಟೆಯಿದೆ. ಲ್ಯೂಬೆಕ್ಕಿನ ಮಾರ್ಟ್ಸಿಪಾನಿಗೆ ಈ ದೋಷವಿಲ್ಲ. ಬಾದಾಮಿಯನ್ನೂ ಸಕ್ಕರೆಯನ್ನೂ ಅರೆದು ಮಾಡಿದ ಅದನ್ನು ನಮ್ಮ ಬಾದಾಮಿ ಬರ್ಫಿಯ ಜ್ಞಾತಿಯೆನ್ನಬೇಕು, ತುಪ್ಪವಿಲ್ಲದ ಜ್ಞಾತಿ. ಹೊರಗೆ ಚಾಕಲೇಟಿನ ಲೇಪವಿರುತ್ತದೆ. ಒಳಗೆ ಮದ್ಯ ತುಂಬಿದವೂ ಉಂಟಾದ್ದರಿಂದ ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಿಯೇ ಕೊಳ್ಳತಕ್ಕದ್ದು.

ಚಾಕಲೇಟಿನ ವಿಷಯವಾಗಿ ಇನ್ನೊಂದು ಮಾತು. ಸ್ಟುಟ್‌ಗಾರ್ಟಿಗೂ ಟ್ಯೂಬಿಂಗನ್ನಿಗೂ ನಡುವೆ ವಾಲ್ಡನ್‌ಬುಖ್ ಎಂಬ ಸಣ್ಣ ಊರು. ಅಲ್ಲಿ ಚೌಕಾಕಾರದ ಚಾಕಲೇಟನ್ನು ಮಾಡುತ್ತಾರೆ. ಉದ್ದನೆಯ ಪಟ್ಟಿ ಅಂಗಿಯ ಜೇಬಿನಲ್ಲಿ ಮುರಿಯುತ್ತದೆ, ಅದೇ ತೂಕವನ್ನು ಚೌಕಮಾಡಿದರೆ ಮುರಿಯದು ಎಂದು ಕ್ಲಾರಾ ರಿಟರ್ ಎಂಬಾಕೆ ಸೂಚಿಸಿದುದರಿಂದ 1932ರಲ್ಲಿ ಅದು ಹುಟ್ಟಿತಂತೆ. ಪ್ರಯಾಣವನ್ನು ಎಣಿಸಿಯೇ ಹುಟ್ಟಿದ ಇಂಥ ಪದಾರ್ಥವನ್ನು ಬಿಟ್ಟುಬರಲಾದೀತೆ? ಹನ್ನೆರಡು ಚೌಕಗಳನ್ನು ಕೊಂಡೆನು; ಒಂದೊಂದು ನೂರು ಗ್ರಾಂ. ಪುಷ್ಯಮಾಸದ ಚಳಿಯಲ್ಲಿ ಬಂದುದರಿಂದ ಕರಗಲಿಲ್ಲ. ವೈಶಾಖದಲ್ಲಿ ಬರುವವರು ಈ ಆಸೆಯನ್ನು ಬಿಡುವುದು ಮೇಲು.

ಕೊಲೋನ್ ನಗರದ ಪನ್ನೀರು ಒಂದು ಸೀಸೆ ನನ್ನ ಅಕ್ಕನಿಗೆ. ಜ್ವರ ಬಂದರೆ ಹಣೆಯ ಮೇಲೆ ಓಡಿಕೊಲಾನಿನ ಒದ್ದೆಬಟ್ಟೆ ಹಾಕುತ್ತಿದ್ದ ಕಾಲವನ್ನು ಕಂಡವಳು ಆಕೆ. ಮುಚ್ಚಳ ತೆಗೆದೊಡನೆ ನಮ್ಮ ತಾಯಿಯ ಹೆಸರನ್ನು ಹೇಳಿದಳು. ಜೋಲಿಂಗನ್ನಿನ ತರಕಾರಿ ಚಾಕು ನನ್ನ ಮನೆಯಾಕೆಗೆ. ಆ ಊರಿನ ಹೆಸರನ್ನು ಬೇರೆಯವರು ಚಾಕುಗಳ ಮೇಲೆ ಒತ್ತಬಾರದೆಂದು 1938ರಿಂದ ಕಾನೂನಿದೆ. ಹಳೆಯ ಬಗೆಯ ಉಕ್ಕು ಹರಿತವೇನೋ ಹೌದು, ಆದರೆ ಹುಣಿಸೆ ನಿಂಬೆಗಳ ಅಡಿಗೆಮನೆಯಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದುದನ್ನೇ ಆರಿಸಿದೆನು. ಚಾಕುವನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಗೇ ಹಾಕಬೇಕು. ಚಾಕು ಕೊಟ್ಟರೆ ಸ್ನೇಹ ಕತ್ತರಿಸುವುದೆಂಬ ನಂಬಿಕೆ ಜರ್ಮನರಲ್ಲಿಯೂ ಇದೆ. ಪಡೆದವರು ಒಂದು ಕಾಸು ಕೊಟ್ಟು ಅದನ್ನು ಕೊಂಡಂತೆ ಮಾಡುತ್ತಾರೆ. ನನ್ನಾಕೆ ಒಂದು ರೂಪಾಯಿ ಕೊಟ್ಟಳು. ಉಳಿದ ಮಕ್ಕಳಿಗೆ ಪೆನ್ಸಿಲುಗಳು. 1761ರಿಂದ ಪೆನ್ಸಿಲು ಮಾಡುತ್ತಿರುವ ಮನೆತನದ ಸರಕು ಅದು. ಮುರಿಯದು, ಸೋರದು, ಕೆಡದು. ಮೇಷ್ಟರಾದವನಿಗೆ ಇನ್ನೇನು ಬೇಕು?

ಒಂದು ಬೊಂಬೆಯನ್ನು ಮಾತ್ರ ಸ್ವಾರ್ಥಕ್ಕಾಗಿಯೇ ತಂದೆನೆಂದು ಹೇಳಬೇಕು. ಕ್ರಿಸ್ಮಸ್ ಸಂತೆಯಲ್ಲಿ ಎರ್ಟ್ಸ್‌ಗೆಬಿರ್ಗೆ ಎಂಬ ಗಣಿಬೆಟ್ಟಗಳ ಸೀಮೆಯ ಮರದ ಸಾಮಾನುಗಳಿದ್ದವು. ಹುಕ್ಕಾ ಹಿಡಿದ ಒಬ್ಬ ಪುಟ್ಟ ಮನುಷ್ಯ. ಅವನನ್ನು ನಡುವಿನಲ್ಲಿ ಎರಡಾಗಿ ಬಿಚ್ಚಿ ಒಳಗೆ ಉರಿಯುವ ಧೂಪವನ್ನಿಟ್ಟು ಮುಚ್ಚಿದರೆ ದುಂಡನೆಯ ಬಾಯಿಂದ ಹೊಗೆ ಬರುತ್ತದೆ. ನಮ್ಮ ಮೈಸೂರಿನ ಧೂಪವನ್ನಿಟ್ಟರೂ ಅವನು ಅಷ್ಟೇ ಸಂತೋಷದಿಂದ ಸೇದುತ್ತಾನೆ. ಆ ಸೀಮೆಯ ಜೈಫನ್ ಎಂಬ ಊರಿನವರು ಮರದ ಬಳೆಯೊಂದನ್ನು ಕಡಚಲಿನಲ್ಲಿ ಕಡೆದು, ಆಮೇಲೆ ಅದನ್ನು ಹೋಳುಹೋಳಾಗಿ ಸೀಳಿದರೆ ಪ್ರತಿಯೊಂದು ಹೋಳೂ ಹಸುವೋ ಕುದುರೆಯೋ ಆಗಿರುತ್ತದೆ. ಕಡೆಯುವಾಗ ಪ್ರಾಣಿಯು ಕಣ್ಣಿಗೆ ಕಾಣುವುದಿಲ್ಲ. ಸೀಳಿದ ಮೇಲೆಯೇ ಕಾಣುವುದು. ಚನ್ನಪಟ್ಟಣದ ಕುಶಲಿಗಳು ಇದನ್ನು ನೋಡಿದರೆ ಮೆಚ್ಚದೆ ಇರಲಾರರು.

ಪಟ್ಟಿಯ ಹದಿನಾಲ್ಕನೆಯವನು ನನ್ನ ಪಾಠಶಾಲೆಯ ಸಹಪಾಠಿ. ಐದು ದಶಕಗಳ ಸ್ನೇಹ. ಅವನಿಗೆ ಏನು ತರಬೇಕೆಂಬುದೇ ನಿಜವಾದ ಕಷ್ಟವಾಗಿತ್ತು. ಎರಡು ವರ್ಷಗಳಿಂದ ಅವನ ಕಣ್ಣು ಮಂದವಾಗುತ್ತ ಬಂದಿದೆ. ಕಣ್ಣಿನ ಒಳಪೊರೆಯ ಮಧ್ಯಭಾಗವೇ ಸವೆದಿರುವುದರಿಂದ ಕನ್ನಡಕ ಬದಲಾಯಿಸಿದರೆ ಸರಿಹೋಗದೆಂದು ವೈದ್ಯರು ಹೇಳಿರುವರಂತೆ. ಅಂತೆ ಎನ್ನಲು ಕಾರಣವುಂಟು: ಅವನು ಯಾರಿಗೂ ಹೇಳಿಲ್ಲ, ಅವನ ಮನೆಯಾಕೆ ನನ್ನ ಮನೆಯಾಕೆಗೆ ಹೇಳಿದ್ದು. ನನ್ನ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಆಮೇಲೆ ನಿಧಾನವಾಗಿ ಓದುತ್ತೇನೆ" ಎಂದು ಮಡಿಸಿಡುತ್ತಾನೆ. ಪಂಚಾಂಗದವರು ಈಚೆಗೆ ಅಚ್ಚನ್ನು ಕೆಡಿಸಿದರೆಂದು ಬೈಯುತ್ತಾನೆ. ದಿನಕ್ಕೆರಡು ಬಾರಿ ತೆರೆಯುತ್ತಿದ್ದ ಕಿಟ್ಟೆಲ್ ಕೋಶವನ್ನು ಬೀರುವಿನ ಮೇಲಿನ ತಟ್ಟೆಗೆ ಏರಿಸಿದ್ದಾನೆ.

ಇಂಥವನ ಮುಂದೆ ಒಂದು ಭೂತಗನ್ನಡಿಯನ್ನು ಹಿಡಿದರೆ, ನಿನಗೆ ಕಣ್ಣಿಲ್ಲವೆಂದು ಮುಖಕ್ಕೆ ಹೇಳಿದಂತೆ. ತರದಿದ್ದರೋ, ತಿಳಿದೂ ಸುಮ್ಮನಿದ್ದಂತೆ. ವಿದ್ವಾಂಸನಿಗೆ ಶಾಲು ಹೊದಿಸಿ ಕೈತೊಳೆದುಕೊಳ್ಳುವುದು ಸುಲಭ, ಮನಸ್ಸು ಒಪ್ಪಲಿಲ್ಲ.

ಈ ಚಿಂತೆಯಲ್ಲಿಯೇ ಒಂದು ದಿನ ಟ್ಯೂಬಿಂಗನ್ನಿಗೆ ಹೋದೆನು. ಸಂಸ್ಕೃತದ ಮಹಾಕೋಶವನ್ನು ಬ್ಯೋಟ್ಲಿಂಕನೊಡನೆ ರಚಿಸಿದ ರೋಟ್ ಪಂಡಿತನು ಪಾಠ ಹೇಳಿದ ಊರು ಅದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಕೋಶದ ಕರ್ತೃ ಫರ್ಡಿನೆಂಡ್ ಕಿಟ್ಟೆಲ್ಲನು 1903ರಲ್ಲಿ ಕಣ್ಣು ಮುಚ್ಚಿದುದೂ ಅಲ್ಲಿಯೇ. ನೆಕರ್ ನದಿಯ ದಡದಿಂದ ಮೇಲೆ ಹತ್ತಿ ಬರುವಾಗ ಒಂದು ಕನ್ನಡಕದ ಅಂಗಡಿಯ ಕಿಟಕಿಯಲ್ಲಿ ಅರ್ಧ ಗೋಲದಾಕಾರದ ಗಾಜಿನಂಥ ವಸ್ತು ಕಂಡಿತು. ತಳ ಚಪ್ಪಟೆ, ಮೇಲೆ ಗುಮ್ಮಟ. ಅಂಗಡಿಯಾಕೆ ಅದನ್ನು ಪತ್ರಿಕೆಯ ಮೇಲಿಟ್ಟು ಸರಿಸಿ ತೋರಿಸಿದಳು. ಅದರಡಿಯ ಅಕ್ಷರಗಳು ಸುಮಾರು ಎರಡರಷ್ಟಾಗಿ ಎದ್ದುವು. ಅಷ್ಟೇ ಅಲ್ಲ, ಬೆಳಗಿದುವು. ಸುತ್ತಲಿನ ಬೆಳಕನ್ನು ಗುಮ್ಮಟವು ತನ್ನೊಳಗೆ ಸೇರಿಸಿ ಅಕ್ಷರದ ಮೇಲೆ ಸುರಿಯುತ್ತದೆ. ವಿದ್ಯುತ್ತು ಬೇಡ, ಸೆಲ್ಲು ಬೇಡ. ಹಾಳೆಯ ಮೇಲೆಯೇ ಕುಳಿತಿರುವುದರಿಂದ ಕೈ ನಡುಗಿದರೂ ಬಾಧೆಯಿಲ್ಲ. ಗಾಜಿನದೂ ಇತ್ತು, ಪ್ಲಾಸ್ಟಿಕ್ಕಿನದೂ ಇತ್ತು. ಪ್ಲಾಸ್ಟಿಕ್ಕಿನದು ಹಗುರ, ಬಿದ್ದರೆ ಒಡೆಯದು, ಆದರೆ ಗೀರು ಬೀಳುತ್ತದೆ. ಗಾಜಿನದು ಭಾರ. ನಾನು ಭಾರವಾದುದನ್ನೇ ಕೊಂಡೆನು. ತಿಂಗಳೆಲ್ಲ ಗ್ರಾಂ ಲೆಕ್ಕ ಹಾಕುತ್ತಿದ್ದವನು ಹೀಗೇಕೆ ಮಾಡಿದನೆಂದು ಮಗಳಿಗೆ ಆಶ್ಚರ್ಯ. ಕಾಗದ ಹಾರದಂತೆ ಮೇಲಿಡುವ ವಸ್ತುವೆಂದು ಕೊಡಬೇಕಾದರೆ ಅದಕ್ಕೆ ಭಾರವಿರಬೇಡವೆ? ಅದಕ್ಕೆ ಜಾಗ ಮಾಡಲು ನನ್ನ ಎರಡು ಪುಸ್ತಕಗಳು ಸ್ಟುಟ್‌ಗಾರ್ಟಿನಲ್ಲಿಯೇ ಉಳಿದವು. ಉಣ್ಣೆಯ ಕಾಲುಚೀಲದೊಳಗೆ ಅದನ್ನು ತೂರಿಸಿ ಬಟ್ಟೆಗಳ ನಡುವೆ ಹುದುಗಿಸಿದೆನು.

ಊರಿಗೆ ಬಂದ ನಾಲ್ಕನೆಯ ದಿನ ಅವನ ಮೇಜಿನ ಮೇಲೆ ಇಟ್ಟೆನು. ಕೈಯಿಂದ ಸವರಿ ನೋಡಿ, "ಏನಯ್ಯ ಇದು, ಸಾಲಿಗ್ರಾಮವೆ?" ಎಂದನು.

"ಫ್ಯಾನಿನ ಗಾಳಿಗೆ ನಿನ್ನ ಕಾಗದಗಳು ಹಾರುತ್ತವಲ್ಲ, ಅದಕ್ಕೆ. ಕಿಟಕಿಯ ಬಿಸಿಲಿನಲ್ಲಿ ಮಾತ್ರ ಇಡಬೇಡ, ಬಿಸಿಲನ್ನು ಒಂದೆಡೆ ಸೇರಿಸಿ ಕಾಗದ ಸುಟ್ಟೀತು" ಎಂದೆನು. ಆ ದಿನ ಅದು ಒಂದು ಮದುವೆಯ ಕರೆಯೋಲೆಯ ಮೇಲೆ ಕುಳಿತಿತು. ನಾವು ಬೇರೆ ಮಾತನಾಡಿದೆವು.

ಮೂರು ವಾರಗಳ ಮೇಲೆ ಮತ್ತೆ ಹೋದಾಗ ಕಿಟ್ಟೆಲ್ ಕೋಶ ಮೇಜಿನ ಮೇಲೆ ತೆರೆದಿತ್ತು. ಅವನೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನ ಮನೆಯಾಕೆ ಕಾಫಿ ತಂದು, ಲೋಟವಿಡುವುದಕ್ಕೆಂದು ಹಾಳೆಯ ಮೇಲಿದ್ದ ಗಾಜನ್ನು ಪಕ್ಕಕ್ಕೆ ಸರಿಸಹೋದರು.

"ಅಲ್ಲೇ ಇರಲಿ, ಸಾಲು ತಪ್ಪುತ್ತದೆ" ಎಂದನು.